ಬಕೆಟ್ಟಕ್ಕ ಆರಿಸಿದ ಬಸ್ಸು

ಊರು ತೋರಿಸುವ ಬಸ್ಸುಗಳ ಶೆಡ್ಡಿನಲ್ಲಿ ಅವಳು ಹನ್ನೊಂದು ವರ್ಷದಿಂದ ಬಸ್ಸುಗಳ ಒಳಭಾಗ ತೊಳೆಯುತ್ತಿದ್ದಳು. ಒಂದು ಕೈಯಲ್ಲಿ ನೀಲಿ ಬಕೆಟ್ಟು, ಇನ್ನೊಂದರಲ್ಲಿ ಗಿಡ್ಡ ಪೊರಕೆ ಹಿಡಿದು ಒಂದು ಬಸ್ಸಿನಿಂದಿಳಿದು ಇನ್ನೊಂದಕ್ಕೆ ಹತ್ತುವವಳನ್ನು ಯಾವನೋ ಡ್ರೈವರ್ ಒಮ್ಮೆ 'ಬಕೆಟ್ಟಕ್ಕ' ಎಂದ. ಹೆಸರು ಅಂಟಿಕೊಂಡಿತು. ಎಷ್ಟು ಅಂಟಿಕೊಂಡಿತೆಂದರೆ, ಹಾಜರಿ ಕರೆಯುವಾಗ ಅವಳ ನಿಜವಾದ ಹೆಸರು ಕೇಳಿದರೆ ಅವಳೇ ಒಂದು ಗಳಿಗೆ ಹಿಂದೆ ತಿರುಗಿ ಯಾರನ್ನು ಕರೀತಿದಾರೆ ಎಂದು ನೋಡುತ್ತಿದ್ದಳು.

ಇದಕ್ಕೆ ಮೊದಲು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸ. ಗಂಡ ಸಿಕ್ಕಿದ್ದೂ ಅಲ್ಲೇ. ಅವನು ಆ ಆಸ್ಪತ್ರೆಯ ಲಿಫ್ಟ್ ನಡೆಸುವವನು. ಅವಳು ಹೋಗುವುದು ಮೂರನೇ ಮಹಡಿಗೆಂದು ಚೆನ್ನಾಗಿ ಗೊತ್ತಿದ್ದೂ ಒಂದು ತಿಂಗಳು ದಿನಾ, "ಎಷ್ಟನೇ ಮಹಡಿ?" ಎಂದು ಕೇಳಿದ. ಕೊನೆಗೊಂದು ದಿನ ಅವಳು, "ನಿಮಗೆ ಮರೆವಿನ ಕಾಯಿಲೆ ಇದ್ರೆ ಎರಡನೇ ಮಹಡೀಲಿ ಡಾಕ್ಟರಿದಾರೆ, ತೋರಿಸ್ಕೊಳ್ಳಿ" ಎಂದಳು. ಅದಾದ ನಾಲ್ಕು ತಿಂಗಳಿಗೆ ಮದುವೆ. ಲಾಂಡ್ರಿಗೆ ದೊಡ್ಡ ಮೆಷಿನ್ನುಗಳು ಬಂದು ಮಡಿಸುವವರೆಲ್ಲ ಮನೆಗೆ ಹೋದ ವರ್ಷ ಅವಳು ಬಸ್ ಶೆಡ್ಡಿಗೆ ಬಂದಳು. ಈಗ ಮನೆಯಲ್ಲಿ ಗಂಡ, ಅತ್ತೆ, ಹನ್ನೆರಡರ ದೊಡ್ಡ ಮಗಳು, ಏಳರ ಚಿಕ್ಕ ಮಗಳು.

ಬಸ್ಸುಗಳು ಒಟ್ಟು ಐದು. ಅವು ಹೋಗುವ ಒಂದು ಜಾಗವನ್ನೂ ಅವಳು ನೋಡಿರಲಿಲ್ಲ. ಆದರೆ ಬೆಳಗ್ಗೆ ಐದೂವರೆಗೆ ಹಿಂದಿನ ದಿನದ ಕಸ ಗುಡಿಸುವಾಗ ಯಾವ ಬಸ್ಸಿನಲ್ಲಿ ಯಾರು ಹೇಗಿದ್ದರು ಎಂಬುದು ಅವಳಿಗೆ ಕನ್ನಡಿಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಎರಡನೇ ನಂಬರಿನಲ್ಲಿ ಹೊಸದಾಗಿ ಮದುವೆಯಾದವರು ಹೋಗುತ್ತಿದ್ದರು. ಕಸವೇ ಇರುತ್ತಿರಲಿಲ್ಲ, ಮರೆತುಹೋದ ಕೊಡೆಗಳಿರುತ್ತಿದ್ದವು. ಮೂರು, ನಾಲ್ಕರಲ್ಲಿ ನಿವೃತ್ತರು. ಮಾತ್ರೆಯ ಖಾಲಿ ಹಾಳೆ, ಹಲ್ಲುಕಡ್ಡಿ. ಒಂದನೇ ನಂಬರೇ ಕಂಪನಿಯ ಹೆಮ್ಮೆ. 'ಒಂದೇ ದಿನದಲ್ಲಿ ಹದಿನಾಲ್ಕು ಸ್ಥಳ' ಎಂದು ಅದರ ಮೈಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಮಕ್ಕಳೊಂದಿಗರೆಲ್ಲ ಅದಕ್ಕೇ ಮುಗಿಬೀಳುತ್ತಿದ್ದರು. ಅದರ ಬಾಗಿಲು ತೆರೆದರೆ ಹುಳಿ ವಾಸನೆ ಮೂಗಿಗೆ ರಾಚುತ್ತಿತ್ತು. ಸೀಟಿನ ಸಂದಿಯಲ್ಲಿ ವಾಂತಿ, ಎರಡು ಮೂರು ಸೀಟು ಒದ್ದೆ, ಕಾಲಡಿಯಲ್ಲಿ ತುಳಿದ ಬಿಸ್ಕತ್ತು. ಹದಿನಾಲ್ಕು ಸ್ಥಳ ಮುಗಿಸಬೇಕೆಂದು ಓಡುವ ಬಸ್ಸು ಮಗು ಒಂದಕ್ಕೆ ಹೋಗಬೇಕೆಂದು ಅತ್ತರೂ ನಿಲ್ಲುತ್ತಿರಲಿಲ್ಲ.

ಐದನೆಯದು ಇಪ್ಪತ್ತೆರಡು ಸೀಟಿನ ಪುಟ್ಟ ಬಸ್ಸು. ಕೋಟೆ, ಬೊಂಬೆಗಳ ಮ್ಯೂಸಿಯಂ, ಗಡಿಯಾರದ ಗೋಪುರ, ಕೆರೆ: ನಾಲ್ಕೇ ಜಾಗ. ಅದರ ಗೈಡು ಒಬ್ಬ ನಿವೃತ್ತ ಮಹಿಳಾ ಕಂಡಕ್ಟರ್. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರೂ 'ಸೀಟಿ ಮೇಡಂ' ಅನ್ನುತ್ತಿದ್ದರು. ಆ ಬಸ್ಸಿನ ಕಸದಲ್ಲಿ ಅವಳಿಗೆ ಸಿಗುತ್ತಿದ್ದುದು ಹಕ್ಕಿಗರಿ, ನುಣುಪು ಕಲ್ಲು, ಒಣಗಿದ ಎಲೆ, ಕೋಟೆಯ ಚಿತ್ರ ಬರೆದ ಕಾಗದ. ಹನ್ನೊಂದು ವರ್ಷದಲ್ಲಿ ಆ ಬಸ್ಸಿನಲ್ಲಿ ವಾಂತಿ ಒರೆಸಿದ್ದನ್ನು ಬೆರಳಲ್ಲಿ ಎಣಿಸಬಹುದಿತ್ತು.

ಬೇಸಿಗೆ ರಜೆ ಶುರುವಾದ ವಾರ ಪಕ್ಕದ ಮನೆಯಾಕೆ ನೀರಿನ ನಲ್ಲಿಯ ಹತ್ತಿರ ಅವಳನ್ನು ಹಿಡಿದು, "ಮ್ಯೂಸಿಯಮ್ಮಲ್ಲಿ ಮಾತಾಡೋ ಬೊಂಬೆ ಇದೆಯಂತಲ್ಲ? ನಿಮ್ಮ ಚಿಕ್ಕೋಳು ಹೇಳಿದ್ಲು. ನೀವೆಲ್ಲ ಪ್ರತಿ ವರ್ಷ ಹೋಗ್ತೀರಂತೆ, ಮುಂದಿನ ಸೀಟಲ್ಲಿ ಕೂತ್ಕೊಂಡು" ಎಂದಳು.

ಬಕೆಟ್ಟಕ್ಕ ತುಂಬಿದ ಕೊಡ ಎತ್ತಿಕೊಂಡಳು. ಮನೆಗೆ ಬಂದು ಚಿಕ್ಕವಳನ್ನು ಕೇಳಿದಳು. ಹುಡುಗಿ ಮೊದಲು ನೆಲ ನೋಡಿತು. ಆಮೇಲೆ ಹೇಳಿತು: "ಎಲ್ಲಾರೂ ಕೇಳ್ತಾರಮ್ಮ. ನಿಮ್ಮಮ್ಮ ಟೂರ್ ಬಸ್ಸಲ್ಲಿ ಕೆಲಸ ಮಾಡ್ತಾಳಲ್ಲ, ನೀನು ಏನೇನು ನೋಡಿದೀಯ ಅಂತ. ಒಂದೂ ಇಲ್ಲ ಅಂದ್ರೆ ನಗ್ತಾರೆ. ಅಕ್ಕ ನೀನು ತರೋ ಕಾಗದ ಓದಿ ಹೇಳ್ಕೊಟ್ಲು."

ದೊಡ್ಡವಳು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಕಂಪನಿಯ ಹಳೆಯ ಕರಪತ್ರಗಳನ್ನು ಅವಳು ಪುಸ್ತಕದೊಳಗೆ ಜೋಡಿಸಿಟ್ಟುಕೊಂಡಿದ್ದಳು. ಯಾವ ಗೋಪುರ ಎಷ್ಟೆತ್ತರ, ಕೋಟೆಗೆ ಎಷ್ಟು ಮೆಟ್ಟಿಲು, ಎಲ್ಲವೂ ಬಾಯಿಪಾಠ.

ಬಕೆಟ್ಟಕ್ಕನಿಗೆ ಬಂದ ಸಿಟ್ಟು ಮಕ್ಕಳ ಮೇಲಲ್ಲ. ಯಾರ ಮೇಲೆ ಎಂದು ಆಗ ಗೊತ್ತಾಗಲಿಲ್ಲ.

"ಈ ರಜೆಗೆ ಹೋಗೋಣ" ಎಂದಳು. "ಐದೂ ಜನ."

ಅಂದು ಸಂಜೆ ಕರಪತ್ರಗಳೆಲ್ಲ ನೆಲದ ಮೇಲೆ ಹರಡಿದವು. ಗಂಡ ಕನ್ನಡಕ ಏರಿಸಿ ಒಂದನೇ ನಂಬರಿನ ಕರಪತ್ರ ಎತ್ತಿಕೊಂಡ. "ಹದಿನಾಲ್ಕು ಜಾಗ ಇದೆಯಲ್ಲೇ. ಹೋಗೋದೇ ಹೋಗ್ತೀವಿ, ಒಂದೇ ಏಟಿಗೆ ಎಲ್ಲಾ ಮುಗಿದುಹೋಗ್ಲಿ."

"ಮುಗಿಸೋಕೆ ಅದೇನು ಪರೀಕ್ಷೇನಾ?" ಎಂದಳು ಅವಳು.

"ನನ್ನನ್ನ ಬಿಟ್ಟು ಹೋಗಿ" ಎಂದರು ಅತ್ತೆ, ಮೊಣಕಾಲು ನೀವಿಕೊಳ್ಳುತ್ತ. ಬಿಟ್ಟುಹೋದರೆ ಆರು ತಿಂಗಳು ಮಾತಾಡುವುದಿಲ್ಲ ಎಂಬುದು ಆ ದನಿಯಲ್ಲೇ ಇತ್ತು.

"ನಾಲ್ಕು ಜಾಗಕ್ಕೆ ದುಡ್ಡು ಕೊಡೋದಾ?" ಗಂಡ ಪಟ್ಟು ಬಿಡಲಿಲ್ಲ. "ಅಷ್ಟೊಂದು ಜನ ಒಂದನೇ ನಂಬರಿಗೆ ಹೋಗ್ತಾರೆ ಅಂದ್ರೆ ಏನೋ ಇರ್ಬೇಕು."

"ಏನಿರುತ್ತೆ ಅಂತ ನಾನು ಹೇಳ್ತೀನಿ. ಹೋಗುವಾಗ ಜನ ನಗ್ತಾ ಕೂತಿರೋ ಬಸ್ಸನ್ನ ನೀವು ನೋಡ್ತೀರಿ. ಬಂದಮೇಲೆ ನಾನು ನೋಡ್ತೀನಿ. ನಮ್ಮ ಚಿಕ್ಕೋಳಿಗೆ ಎರಡು ತಿರುವಿಗೆ ಹೊಟ್ಟೆ ತೊಳಸುತ್ತೆ. ಅತ್ತೆಗೆ ಗಂಟೆಗೊಂದು ಸಲ ಇಳೀಬೇಕು. ಹದಿನಾಲ್ಕು ಜಾಗದಲ್ಲಿ ನೀವು ಕಿಟಕಿಯಿಂದ ನೋಡೋದೇ ಒಂಬತ್ತು. ಐದನೇ ನಂಬರಲ್ಲಿ ಮಕ್ಕಳು ಕಲ್ಲು ಆರಿಸ್ಕೊಂಡು ಬಂದಿರ್ತಾರೆ. ಕಲ್ಲು ಆರಿಸ್ಬೇಕು ಅಂದ್ರೆ ನೆಲಕ್ಕೆ ಬಗ್ಗೋಷ್ಟು ಹೊತ್ತು ಬಸ್ಸು ನಿಂತಿರ್ಬೇಕು ತಾನೆ?"

ಗಂಡ ಕನ್ನಡಕ ತೆಗೆದ. ಅತ್ತೆ, "ಗಂಟೆಗೊಂದು ಸಲ ಅಂತ ಊರಿಗೆಲ್ಲ ಸಾರಬೇಡ" ಎಂದರು. ಐದನೇ ನಂಬರ್ ಎಂದು ತೀರ್ಮಾನವಾಯಿತು.

ವಾರದ ರಜೆಯ ದಿನ ಅವಳು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಕಂಪನಿಯ ಕೌಂಟರಿಗೆ ಹೋದಳು. ಹನ್ನೊಂದು ವರ್ಷದಲ್ಲಿ ಮುಂಬಾಗಿಲಿನಿಂದ ಒಳಗೆ ಹೋದದ್ದು ಅದೇ ಮೊದಲು. ಕೌಂಟರಿನ ಹುಡುಗಿ ತಲೆಯೆತ್ತಿ, "ಏನಕ್ಕ, ಕೀ ಬೇಕಿತ್ತಾ?" ಎಂದಳು.

"ಟಿಕೆಟ್ ಬೇಕಿತ್ತು. ಶನಿವಾರ, ಐದನೇ ನಂಬರು, ಮುಂದಿನ ಐದು ಸೀಟು."

ಹುಡುಗಿಗೆ ನಗು ಬಂತು. ಕೆಟ್ಟ ನಗುವಲ್ಲ, ಏನು ಮಾಡಬೇಕೆಂದು ತೋಚದ ನಗು. "ಅಕ್ಕ, ಸ್ಟಾಫ್ ಮನೆಯವರಿಗೆ ಒಂದನೇ ನಂಬರಲ್ಲಿ ಫ್ರೀ ಇದೆ. ಸೀಟು ಖಾಲಿ ಇದ್ರೆ, ಹಿಂದಿನ ಸಾಲಲ್ಲಿ."

"ನನಗೆ ಫ್ರೀ ಬೇಡ. ದುಡ್ಡು ತಂದಿದೀನಿ."

ಹುಡುಗಿ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದಳು. ಆತ ಕೆಟ್ಟವನೆಂದು ಯಾರೂ ಹೇಳುತ್ತಿರಲಿಲ್ಲ. ಎಲ್ಲರೊಂದಿಗೂ ನಯವಾಗಿ ಮಾತಾಡುತ್ತಿದ್ದ. ಆ ನಯದಲ್ಲೇ ಹೇಳಿದ: "ನೋಡಮ್ಮ, ಐದನೇ ನಂಬರಿಗೆ ಬರೋರು ಸ್ವಲ್ಪ ಬೇರೆ ಥರದ ಜನ. ಬಸ್ಸು ತೊಳೆಯೋರು ಪಕ್ಕದಲ್ಲಿ ಕೂತ್ರೆ ಅವರಿಗೂ ಮುಜುಗರ, ನಿಮಗೂ ಮುಜುಗರ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಸಿಟ್ಟು ಯಾರ ಮೇಲೆಂದು ಅವಳಿಗೆ ಆಗ ಗೊತ್ತಾಯಿತು.

"ಸಾರ್, ಆ ಬಸ್ಸಿನ ಒಂದೊಂದು ಸೀಟನ್ನೂ ನಾನು ದಿನಾ ಮುಟ್ತೀನಿ. ಸೀಟಿಗೆ ಇಷ್ಟು ವರ್ಷ ಮುಜುಗರ ಆಗ್ಲಿಲ್ಲ. ಕೂತ್ರೆ ಆಗುತ್ತಾ?"

"ಯೋಚನೆ ಮಾಡಿ ಹೇಳ್ತೀನಿ" ಎಂದು ಮ್ಯಾನೇಜರ್ ಬೆನ್ನು ತಿರುಗಿಸಿದ.

"ಮಾಡಿ ಸಾರ್. ಕಾಯ್ತೀನಿ" ಎಂದು ಅವಳು ಗಿರಾಕಿಗಳ ಬೆಂಚಿನ ಮೇಲೆ ಕುಳಿತಳು.

ಅವಳ ಪಕ್ಕಕ್ಕೆ ಮೂರು ಮಕ್ಕಳ ಒಂದು ಸಂಸಾರ ಬಂದು ಕೂತಿತು. ತಂದೆಯ ಕೈಯಲ್ಲಿ ಹದಿನಾಲ್ಕು ಸ್ಥಳದ ಕರಪತ್ರ. ತಾಯಿಯ ತೊಡೆಯ ಮೇಲೆ ಒಂದೂವರೆ ವರ್ಷದ ಕೂಸು. "ಇದೇ ಚೆನ್ನಾಗಿದೆ ಅಲ್ವಾ?" ಎಂದು ಆತ ಹೆಂಡತಿಯನ್ನು ಕೇಳುತ್ತಿದ್ದ. ಕೂಸು ಬಕೆಟ್ಟಕ್ಕನ ಕಡೆ ತಿರುಗಿ ಬೆರಳು ಚಾಚಿತು.

"ನಿದ್ದೆ ಎಷ್ಟೊತ್ತಿಗೆ ಮಾಡುತ್ತೆ ಇದು?" ಎಂದು ಅವಳು ಕೇಳಿದಳು.

"ಮಧ್ಯಾಹ್ನ ಹನ್ನೆರಡಕ್ಕೆ" ಎಂದಳು ತಾಯಿ.

"ಹನ್ನೆರಡಕ್ಕೆ ಆ ಬಸ್ಸು ಏಳನೇ ಜಾಗದಲ್ಲಿರುತ್ತೆ. ಇಳ್ಸಿ, ಹತ್ಸಿ, ಇಳ್ಸಿ. ನಿಮಗೆ ಜಾಗ ನೆನಪಿರಲ್ಲ, ಮಗು ಅತ್ತಿದ್ದು ನೆನಪಿರುತ್ತೆ. ದೊಡ್ಡ ಮಕ್ಕಳಿದ್ದು, ವಾಕರಿಕೆ ಬರಲ್ಲ ಅಂದ್ರೆ ಹೋಗಿ. ಇಲ್ಲಾಂದ್ರೆ ಐದನೇದು ತಗೊಳ್ಳಿ. ಬಸ್ಸು ಹತ್ತೋ ಮುಂಚೆ ಗೈಡನ್ನ ಒಂದೇ ಒಂದು ಮಾತು ಕೇಳಿ: ಮಗು ಅತ್ರೆ ನಿಲ್ಲಿಸ್ತೀರಾ ಅಂತ. ಅವರು ಉತ್ತರ ಹೇಳೋ ಮುಂಚೆ ಡ್ರೈವರ್ ಮುಖ ನೋಡಿದ್ರೆ ನಿಮಗೇ ಎಲ್ಲಾ ಅರ್ಥ ಆಗುತ್ತೆ."

"ನಿಮಗೆ ಹೇಗೆ ಗೊತ್ತು?" ಎಂದ ತಂದೆ.

"ನಾನು ಇವುಗಳನ್ನ ತೊಳೆಯೋಳು."

ಅವರು ಎದ್ದುಹೋಗಿ ಐದನೇ ನಂಬರಿಗೆ ಬರೆಸಿದರು. ಅವರ ಹಿಂದೆ ನಿಂತಿದ್ದ ಅಜ್ಜಿಯೊಬ್ಬಳು ಮೊಮ್ಮಗಳ ಕೈಹಿಡಿದು ಬಂದು, "ನಮಗೂ ಸ್ವಲ್ಪ ಹೇಳಮ್ಮ" ಎಂದಳು. ಒಂದು ಗಂಟೆಯಲ್ಲಿ ಅವಳ ಬೆಂಚಿನ ಸುತ್ತ ಕೌಂಟರಿಗಿಂತ ಹೆಚ್ಚು ಜನ ಸೇರಿತು. ಒಳಗಿನಿಂದ ಮ್ಯಾನೇಜರ್ ಗಾಜಿನ ಬಾಗಿಲಿನ ಮೂಲಕ ನೋಡುತ್ತಿದ್ದ. ಕೊನೆಗೆ ಹುಡುಗಿಯ ಕೈಯಲ್ಲಿ ಐದು ಟಿಕೆಟ್ಟು ಕಳಿಸಿದ. "ಮುಂದಿನ ಸೀಟೇ ಕೊಟ್ಟಿದಾರೆ ಅಕ್ಕ. ದಯವಿಟ್ಟು ಈಗ ಮನೆಗೆ ಹೋಗ್ಬೇಕಂತೆ" ಎಂದಳು ಹುಡುಗಿ, ನಗು ತಡೆಯಲಾಗದೆ.

ಶನಿವಾರ ಅತ್ತೆ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ ಡ್ರೈವರ್ ಹಿಂದಿನ ಸೀಟು ಹಿಡಿದರು. ಚಿಕ್ಕವಳು ಕಿಟಕಿಗೆ ಅಂಟಿದಳು. ಬಕೆಟ್ಟಕ್ಕನ ಕೈ ಮಾತ್ರ ಸುಮ್ಮನಿರಲಿಲ್ಲ. ಎದುರಿನ ಕಂಬಿಯನ್ನು ಸೆರಗಿನಿಂದ ಒರೆಸತೊಡಗಿತು. ಗಂಡ ಆ ಕೈಯನ್ನು ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡ.

ಕೋಟೆಯಲ್ಲಿ ದೊಡ್ಡವಳು ಮೆಟ್ಟಿಲು ಎಣಿಸಿ, ಕರಪತ್ರದಲ್ಲಿ ಬರೆದದ್ದಕ್ಕಿಂತ ಒಂಬತ್ತು ಕಡಿಮೆ ಎಂದು ಸಾಧಿಸಿದಳು. "ನನ್ನ ಕೆಲಸ ಉಳಿಸಮ್ಮ, ಮೆಲ್ಲಗೆ ಹೇಳು" ಎಂದರು ಸೀಟಿ ಮೇಡಂ. ಮ್ಯೂಸಿಯಮ್ಮಿನ ಬೊಂಬೆಗಳಲ್ಲಿ ಮಾತಾಡುವುದು ಒಂದೂ ಇರಲಿಲ್ಲ. ಚಿಕ್ಕವಳು ಸುತ್ತ ನೋಡಿ, "ಇವು ಮಾತಾಡ್ದೇ ಇದ್ರೇ ಚೆನ್ನಾಗಿದೆ" ಎಂದಳು. ಗಡಿಯಾರದ ಗೋಪುರ ಮುಗಿಯಿತು. ಎಲ್ಲರೂ ಬಸ್ಸು ಹತ್ತಿದ ಮೇಲೆ ಸೀಟಿ ಮೇಡಂ ಫೋನಿನಲ್ಲಿ ಮಾತಾಡಿ ಬಂದು, ಯಾರ ಮುಖವನ್ನೂ ನೋಡದೆ ಹೇಳಿದರು: "ಇವತ್ತು ಕೆರೆ ಇಲ್ಲ. ಮಧ್ಯಾಹ್ನ ಇನ್ನೊಂದು ಟ್ರಿಪ್ಪಿಗೆ ಬಸ್ಸು ಬೇಕಂತೆ. ಆಫೀಸಿಂದ ಹೇಳಿದಾರೆ."

ಬಸ್ಸಿನಲ್ಲಿ ಗೊಣಗಾಟ ಎದ್ದಿತು, ಆಮೇಲೆ ಅಡಗಿತು. ದೊಡ್ಡವರು ಕೈಚೀಲ ಸರಿಮಾಡಿಕೊಂಡರು. ಮಕ್ಕಳು ಮಾತ್ರ, "ಕೆರೆ ಇಲ್ವಾ? ಯಾಕಿಲ್ಲ?" ಎಂದು ಕೇಳುತ್ತಲೇ ಇದ್ದರು.

ಬಕೆಟ್ಟಕ್ಕ ಎದ್ದು ನಿಂತಳು. ಕಂಬಿ ಹಿಡಿದುಕೊಂಡಳು. "ಎಲ್ಲರೂ ನಿಮ್ಮ ಟಿಕೆಟ್ ತೆಗೀರಿ" ಎಂದಳು. "ನಾಲ್ಕನೇ ಸಾಲಲ್ಲಿ ಏನು ಬರೆದಿದೆ, ಓದಿ."

"ಕೆರೆ" ಎಂದು ಯಾರೋ ಓದಿದರು.

"ದುಡ್ಡು ಕೆರೆಗೂ ತಗೊಂಡಿದಾರೆ. ಮೇಡಂ ಏನೂ ಮಾಡೋಕಾಗಲ್ಲ, ಅವರು ಕೆಲಸದೋರು. ನಾವು ಇವತ್ತು ಗಿರಾಕಿಗಳು. ಕೆರೆ ನೋಡಿಯೇ ಹೋಗ್ತೀವಿ ಅಂತ ನಾವು ಹೇಳ್ಬೇಕು. ನಾನು ಹೇಳ್ತಿದೀನಿ. ಇನ್ಯಾರು ಹೇಳ್ತೀರಿ?"

ಮೊದಲು ಮಾತಾಡಿದ್ದು ಅತ್ತೆ. "ನಾನು ಈ ಕಾಲು ಎಳ್ಕೊಂಡು ಬಂದಿದ್ದು ಕೆರೆಗೇ ಕಣಪ್ಪ. ಕಲ್ಲು ಮಣ್ಣು ನಮ್ಮನೆ ಹತ್ರಾನೂ ಇದೆ" ಎಂದರು. ಹಿಂದಿನಿಂದ, ಕೌಂಟರಿನ ಬೆಂಚಿನಲ್ಲಿ ಸಿಕ್ಕಿದ್ದ ಮೂರು ಮಕ್ಕಳ ತಂದೆ ಕೈಯೆತ್ತಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಸೀಟಿ ಮೇಡಂ ಅವಳನ್ನೇ ನೋಡುತ್ತಿದ್ದರು.

"ಯಾರು ಶುರು ಮಾಡಿದ್ದು ಅಂತ ಕೇಳಿದ್ರೆ ನನ್ನ ಹೆಸರು ಹೇಳಿ ಮೇಡಂ" ಎಂದಳು ಬಕೆಟ್ಟಕ್ಕ.

ಮೇಡಂ ಸೀಟಿ ಊದಿದರು. ಡ್ರೈವರ್ ಎಡಕ್ಕೆ ತಿರುಗಿಸಿದ. ಕೆರೆಯ ದಂಡೆಯಲ್ಲಿ ಒಂದು ಗಂಟೆ ನಿಂತರು. ನೀರಿನಲ್ಲಿ ಕಾಲು ಇಳಿಬಿಟ್ಟು ಕೂತ ಅತ್ತೆಯನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಸೋಮವಾರ ಮ್ಯಾನೇಜರ್ ಕರೆಸಿದ. ನಯ ಈಗಲೂ ಇತ್ತು. "ನಿಮಗೆ ಬಸ್ಸುಗಳ ವಿಷಯ ತುಂಬಾ ಗೊತ್ತು ಅಂತಾಯ್ತು. ಇನ್ನುಮೇಲೆ ಒಂದನೇ ನಂಬರು ಪೂರ್ತಿ ನಿಮ್ಮ ಜವಾಬ್ದಾರಿ. ಸೀಟಿನ ಕವರು ಬಿಚ್ಚಿ ದಿನಾ ಒಗೀಬೇಕು. ಉಳಿದ ನಾಲ್ಕು ಬಸ್ಸೂ ಎಂದಿನ ಹಾಗೇ. ಕೌಂಟರ್ ಕಡೆ ಕಾಲಿಡೋ ಹಾಗಿಲ್ಲ." ಸೀಟಿ ಮೇಡಂಗೂ ಒಂದು ಮೆಮೊ ಹೋಯಿತು.

ಒಂದು ವಾರ ಅವಳು ಒಗೆದಳು. ಐವತ್ತು ಕವರು, ಬೆರಳ ಸಂದಿಯಲ್ಲಿ ಸೋಪಿನ ಹುಣ್ಣು. ಎಂಟನೇ ದಿನ ಬೆಳಗ್ಗೆ ಒಂದನೇ ನಂಬರಿನ ಹಿಂದಿನ ಸೀಟಿನ ಕೆಳಗೆ ಒಂದು ಪುಟ್ಟ ಚಡ್ಡಿ ಸಿಕ್ಕಿತು. ಒದ್ದೆಯಾದದ್ದನ್ನು ಯಾವುದೋ ಮಗು ನಾಚಿಕೆಯಿಂದ ಬಿಚ್ಚಿ, ಉಂಡೆ ಮಾಡಿ, ಕಾಣದಂತೆ ತುರುಕಿತ್ತು. ಆ ಮಗು ಬೆತ್ತಲೆ ತೊಡೆಯ ಮೇಲೆ ಏನು ಮುಚ್ಚಿಕೊಂಡು ಉಳಿದ ದಾರಿ ಕೂತಿತ್ತೋ. ಅವಳು ಆ ಚಡ್ಡಿಯನ್ನು ಒಗೆದು ಶೆಡ್ಡಿನ ತಂತಿಗೆ ಹಾಕಿ, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು.

ಎಂಟು ಗಂಟೆಗೆ ಮ್ಯಾನೇಜರ್ ಓಡಿಬಂದ. "ಎಂಟೂವರೆಗೆ ಬಸ್ಸು ಬಿಡ್ಬೇಕು. ಏನಿದು?"

"ನಾಲ್ಕು ಬಸ್ಸು ಆಗಿದೆ ಸಾರ್. ಇದನ್ನ ನಾನು ಮುಟ್ಟಲ್ಲ. ಮಕ್ಕಳಿಗೋಸ್ಕರ ದಾರೀಲಿ ಎರಡು ಕಡೆ ನಿಲ್ಲಿಸ್ತೀನಿ ಅಂತ ಬರೆದುಕೊಡಿ, ಈಗ್ಲೇ ತೊಳೀತೀನಿ."

"ಕೆಲಸದಿಂದ ತೆಗೆದುಬಿಡ್ತೀನಿ."

"ಅದನ್ನೂ ಬರೆದುಕೊಡಿ. ಯಾಕೆ ತೆಗೆದ್ರಿ ಅನ್ನೋದೂ ಇರ್ಲಿ ಅದರಲ್ಲಿ."

ಮ್ಯಾನೇಜರ್ ಬಸ್ಸುಗಳ ಹೊರಭಾಗಕ್ಕೆ ಪೈಪಿನಿಂದ ನೀರು ಬಿಡುವ ಹಿರಿಯ ಕೆಲಸಗಾರನ ಕಡೆ ತಿರುಗಿದ. ಆತ ಪೈಪು ಸುತ್ತುತ್ತ, "ನಂದು ಹೊರಗಡೆ ಸಾರ್. ಒಳಗಡೆ ಅಕ್ಕಂದು" ಎಂದ. ಬಸ್ಸು ಹಾಗೇ ಹೋಯಿತು, ಸುಗಂಧದ ಸ್ಪ್ರೇ ಹೊಡೆಸಿಕೊಂಡು. ಎರಡನೇ ದಿನ ಹೊರಗಿನಿಂದ ಒಬ್ಬಳನ್ನು ಕರೆಸಿದರು. ಅವಳು ಬಾಗಿಲು ತೆರೆದು, ಒಳಗೆ ಇಣುಕಿ, ಬಂದ ದಾರಿಯಲ್ಲೇ ಹೋದಳು.

ಆ ಸಂಜೆ ಬಕೆಟ್ಟಕ್ಕ ಮನೆಯಲ್ಲಿ ಎರಡು ಸಲ ಉಪ್ಪು ಹಾಕಿದ ಅಡುಗೆ ಮಾಡಿದಳು. ಒಬ್ಬರ ಸಂಬಳದಲ್ಲಿ ಐದು ಜನ ಹೇಗೆಂದು ಗಂಡ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ. ಅತ್ತೆ ತಟ್ಟೆ ಸರಿಸಿ ಹೇಳಿದರು: "ಕೆಲಸ ಹೋದ್ರೆ ಹೋಗ್ಲಿ. ನಿನ್ನ ಬಾಯಿ ಹೋದ್ರೆ ನಾನು ಜಗಳ ಆಡೋದು ಯಾರ ಹತ್ರ? ಹೋಗಿ ಅಲ್ಲೇ ಕೂತ್ಕೋ. ಅಡುಗೆ ನಾನು ಮಾಡ್ತೀನಿ, ಇದನ್ನ ತಿನ್ನೋಕಾಗಲ್ಲ."

ಮೂರನೇ ದಿನ ಒಂದನೇ ನಂಬರಿನ ಡ್ರೈವರ್, ಮಾತೇ ಆಡದ ದಪ್ಪ ಮೀಸೆಯ ಮನುಷ್ಯ, ಬಸ್ಸಿನ ಕೀ ತಂದು ಮ್ಯಾನೇಜರ್ ಮೇಜಿನ ಮೇಲಿಟ್ಟ. "ಈ ವಾಸನೇಲಿ ಹನ್ನೆರಡು ಗಂಟೆ ಓಡಿಸೋಕೆ ನನ್ನ ಕೈಲಾಗಲ್ಲ ಸಾರ್. ಅಕ್ಕ ಕೇಳ್ತಿರೋದು ಎರಡು ನಿಲುಗಡೆ. ನಂಗೂ ಬೇಕು ಅದು. ನಾನೂ ಮನುಷ್ಯನೇ." ಗೇಟಿನ ಹತ್ತಿರ ನಲವತ್ತಾರು ಜನ ಗಿರಾಕಿಗಳು ಗಡಿಯಾರ ನೋಡುತ್ತ ನಿಂತಿದ್ದರು. ಬಾಗಿಲು ತೆರೆದಾಗ ಹತ್ತಿದ ನಾಲ್ಕೈದು ಜನ ಮೂಗು ಮುಚ್ಚಿಕೊಂಡು ಇಳಿದು, ದುಡ್ಡು ವಾಪಸ್ ಕೊಡಿ ಎಂದು ಗಲಾಟೆ ಎಬ್ಬಿಸಿದರು.

ಹತ್ತು ಗಂಟೆಗೆ ಮ್ಯಾನೇಜರ್ ಬರೆದುಕೊಟ್ಟ. ಮೂರು ಜಾಗ ಕಡಿಮೆ, ಎರಡು ನಿಲುಗಡೆ ಹೆಚ್ಚು, ಒಂದೊಂದೂ ಕಾಲು ಗಂಟೆಯದು. ಬಕೆಟ್ಟಕ್ಕ ಅದನ್ನು ಎರಡು ಸಲ ಓದಿ, ಮಡಿಸಿ ಇಟ್ಟುಕೊಂಡು, ಬಕೆಟ್ಟು ನೆಟ್ಟಗೆ ಮಾಡಿ ನೀರು ತುಂಬಿಸಿದಳು.

ಆ ಮೂರು ದಿನದ ಸಂಬಳ ಅವಳಿಗೆ ಬರಲಿಲ್ಲ. ಸೀಟಿ ಮೇಡಂ ಮೆಮೊ ವಾಪಸಾಗಲಿಲ್ಲ; ಅವರು ಅದನ್ನು ತಮ್ಮ ಕೈಚೀಲದೊಳಗೆ ಮಡಿಸಿಟ್ಟುಕೊಂಡಿದ್ದಾರೆ. ಹೊಸ ಕರಪತ್ರದಲ್ಲಿ 'ನಮ್ಮ ಮ್ಯಾನೇಜರ್ ಅವರ ವಿಶೇಷ ಕಾಳಜಿಯಿಂದ, ಮಕ್ಕಳಿಗಾಗಿ ವಿಶ್ರಾಂತಿ ನಿಲುಗಡೆ' ಎಂದು ಅಚ್ಚಾಯಿತು. ದೊಡ್ಡ ಮಗಳು ಅದನ್ನು ಓದಿ ಕೆಂಡವಾದಳು. "ಆಗ್ಲಿ ಬಿಡು" ಎಂದಳು ತಾಯಿ. "ಹೆಸರು ಅವರದ್ದಾಗ್ಲಿ, ಬಸ್ಸು ನಿಲ್ತಿದೆಯಲ್ಲ."

ಮ್ಯಾನೇಜರ್ ಇನ್ನೂ ಒಂದು ಕೆಲಸ ಮಾಡಿದ. ಶೆಡ್ಡಿನ ಗೇಟಿಗೆ ದೊಡ್ಡ ಬೋರ್ಡು ಹಾಕಿಸಿದ: 'ಪ್ರಯಾಣಿಕರು ಬಸ್ಸು ತೊಳೆಯುವ ಸಿಬ್ಬಂದಿಯೊಂದಿಗೆ ಮಾತನಾಡಬಾರದು.' ಅಲ್ಲಿಯವರೆಗೆ ಬಸ್ಸು ತೊಳೆಯುವವರೆಂದು ಒಬ್ಬರಿದ್ದಾರೆ ಎಂಬ ಯೋಚನೆಯೇ ಎಷ್ಟೋ ಜನಕ್ಕೆ ಬಂದಿರಲಿಲ್ಲ. ಈಗ ಬೋರ್ಡು ಓದಿದವರೆಲ್ಲ ಯಾಕೆ ಮಾತಾಡಬಾರದು ಎಂದು ಗೇಟಿನ ಕಂಬಿಗಳ ನಡುವೆ ಇಣುಕುತ್ತಾರೆ. ಮಕ್ಕಳನ್ನು ಸೊಂಟದಲ್ಲಿ ಕೂರಿಸಿಕೊಂಡ ತಾಯಂದಿರು, "ಅಕ್ಕ, ಒಂದು ನಿಮಿಷ" ಎಂದು ಕರೆಯುತ್ತಾರೆ. ಅವಳು ಒದ್ದೆ ಕೈ ಒರೆಸಿಕೊಂಡು ಗೇಟಿನ ತನಕ ಬಂದು, ಬೋರ್ಡಿನ ಕೆಳಗೇ ನಿಂತು, ಮೊದಲು ಮಗುವಿನ ವಯಸ್ಸೆಷ್ಟು ಎಂದು ಕೇಳುತ್ತಾಳೆ.